11 ರೂಪಾಯಿ ಸಂಬಳಕ್ಕೆ ಫ್ರಾನ್ಸಿನ ಕಂದಕ: ವೀರರೋ, ಕೂಲಿಗಳೋ?

ತುಂಗಾತೀರ: ಮೊದಲ ಮಹಾಯುದ್ಧ. 1914ರ ಸೆಪ್ಟೆಂಬರ್ ಕೊನೆಗೆ ಬ್ರಿಟಿಷರ ಸೇನೆಯಲ್ಲಿದ್ದ ನಮ್ಮ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್‌ ಬಂದರಿನಲ್ಲಿ ಇಳಿದರು. ತೆಳು ಖಾಕಿಯಲ್ಲೇ ಬೆಲ್ಜಿಯಂ ಗಡಿಯ ಕೆಸರು ಕಂದಕಕ್ಕೆ. ತಿಂಗಳಿಗೆ 11 ರೂಪಾಯಿ. ವೀರಗಾಥೆ ಹಾಡೋರು ಹೇಳಿ, ಅದು ಯಾರ ಯುದ್ಧ?

ರಾಗಿಮುದ್ದೆ: 11 ರೂಪಾಯಿಯಂತೆ! ಅಕ್ಟೋಬರ್ 31ಕ್ಕೆ ಬೆಲ್ಜಿಯಂನ ಹೊಲೆಬೆಕ್‌ನಲ್ಲಿ ಜೊತೆಯವರೆಲ್ಲ ಸತ್ತರೂ ಖುದಾದಾದ್ ಖಾನ್ ಮೆಷಿನ್‌ಗನ್ ಬಿಡಲಿಲ್ಲ. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕ ಮೊದಲ ಭಾರತೀಯ ಸಿಪಾಯಿ. ಸಂಬಳ ಎಣಿಸ್ತಾ ಕೂತಿದ್ನಾ? ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸೂ ಅದೇ ಕಂದಕದಲ್ಲಿ ಕಾದಿದ್ದಾರೆ.

ಕಡತಪ್ರಿಯ: ಮೈಸೂರು ಲ್ಯಾನ್ಸರ್ಸ್ ಫ್ರಾನ್ಸಿಗೆ ಹೋಗೇ ಇಲ್ಲ ಮಾರಾಯ್ರೇ. ಅವರದ್ದು ಸೂಯೆಜ್, ಪ್ಯಾಲೆಸ್ತೀನ್. 1918 ಸೆಪ್ಟೆಂಬರ್ 23, ಪ್ಯಾಲೆಸ್ತೀನಿನ ಹೈಫಾ ಊರಿನ ಕಾಳಗ. ಕಂದಕ ಅಲ್ಲ, ಕುದುರೆ.

ರಾಗಿಮುದ್ದೆ: ಹೈಫಾ ಗೆದ್ದಿದ್ದು ನಮ್ಮವರೇ ಅಂತ ಒಪ್ಪಿದ್ರಲ್ಲ, ಸಾಕು.

ಕಡತಪ್ರಿಯ: ಎಲ್ಲಿ ಒಪ್ಪಿದೆ? ಊರಿಗೆ ನುಗ್ಗಿದ್ದು ಜೋಧಪುರ ಸಂಸ್ಥಾನದ ಕುದುರೆ ಪಡೆಯವರು. ಅವರ ಮೇಜರ್ ದಳಪತ್ ಸಿಂಗ್ ಸತ್ತದ್ದೂ ಅವತ್ತೇ.

ಬೆಟ್ಟದಹೂ: ಹೈಫಾ ಪಕ್ಕದ ಕಾರ್ಮೆಲ್ ಬೆಟ್ಟದ ಮೇಲಿದ್ದ ಶತ್ರುಗಳ ಫಿರಂಗಿಯ ಬಾಯಿ ಮುಚ್ಚಿಸದೆ ಹೇಗೆ ನುಗ್ತಿದ್ರು ಸ್ವಾಮಿ? ಬೆಟ್ಟ ಹತ್ತಿದ್ದು ಮೈಸೂರಿನವರು. ದಿಲ್ಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದಲ್ಲಿ ಮೈಸೂರಿನವರ ಪ್ರತಿಮೆ ಸುಮ್ಮನೆ ನಿಲ್ಲಿಸಿದ್ದಾರಾ?

ಕಡತಪ್ರಿಯ: ಅಲ್ಲಿ ಹೈದರಾಬಾದ್ ಪಡೆಯ ಪ್ರತಿಮೆಯೂ ಇದೆ. ಅವರು ಅವತ್ತಿನ ದಾಳಿಯಲ್ಲೇ ಇರಲಿಲ್ಲ. ಬೆಟ್ಟಕ್ಕೆ ಮೈಸೂರಿನವರ ಜೊತೆ ಬ್ರಿಟಿಷರ ಷೆರ್ವುಡ್ ರೇಂಜರ್ಸ್ ತುಕಡಿಯೂ ಹೋಗಿತ್ತು. ಅದನ್ನ ಯಾಕೆ ನುಂಗಿದ್ರಿ?

ಬೆಟ್ಟದಹೂ: ಜೊತೆಗೆ ಹೋಗೋದು ಬೇರೆ, ಗೆಲ್ಲೋದು ಬೇರೆ. ಕನ್ನಡದವರ ಹೆಸರು ಬಂದ ಕೂಡಲೇ ನಿಮಗೆ ಯಾಕೆ ಉರಿ?

ಕಡತಪ್ರಿಯ: ಉರಿ ಅಲ್ಲ, ಓದು.

ತುಂಗಾತೀರ: ಹೈಫಾ ಬಿಡ್ರಪ್ಪಾ! ಸಿಪಾಯಿಗಳು ಊರಿಗೆ ಬರೆದ ಕಾಗದ ನೋಡಿ. ಸೆನ್ಸಾರ್ ಕಣ್ಣು ತಪ್ಪಿಸೋಕೆ 'ಕರಿಮೆಣಸು ಮುಗೀತು' ಅಂತ ಬರೀತಿದ್ರು. ಕರಿಮೆಣಸು ಅಂದ್ರೆ ನಮ್ಮವರು, ಕೆಂಪು ಮೆಣಸು ಅಂದ್ರೆ ಬಿಳಿಯರು. ಗಾಯಾಳು ಸಿಪಾಯಿಗಳಿಗೆ ಆಸ್ಪತ್ರೆ ಮಾಡಿದ್ದ ಇಂಗ್ಲೆಂಡಿನ ಬ್ರೈಟನ್ ಅರಮನೆಯಲ್ಲಿ ಮಲಗಿದ್ದವರ ಪಾಡೂ ಅದೇ.

ರಾಗಿಮುದ್ದೆ: ಅರಮನೆ ಅಂತ ನೀವೇ ಬರೆದ್ರಿ ನೋಡಿ 😄 ಜಾತಿ-ಧರ್ಮ ನೋಡಿ 9 ಅಡುಗೆಮನೆ ಮಾಡಿದ್ರಂತೆ. ಕೂಲಿಗೆ ಯಾರು ಈ ಉಪಚಾರ ಮಾಡ್ತಾರೆ?

ತುಂಗಾತೀರ: ಗಾಯ ಮಾಗಿದವರನ್ನ ತಿರುಗಿ ಕಂದಕಕ್ಕೇ ಕಳಿಸ್ತಿದ್ರಲ್ಲ, ಅದೂ ಉಪಚಾರವಾ? ಫ್ರಾನ್ಸಿನ ನವ್ ಶಪೆಲ್‌ನಲ್ಲಿರುವ ಭಾರತೀಯರ ಸ್ಮಾರಕದ ಮೇಲೆ 4,700ಕ್ಕೂ ಹೆಚ್ಚು ಹೆಸರಿವೆ. ಸಮಾಧಿ ಕೂಡ ಸಿಗದವರು.

ರಾಗಿಮುದ್ದೆ: ಸ್ಮಾರಕ ಕಟ್ಟಿದ್ದಾರೆ ಅಂದ್ಮೇಲೆ ವೀರರೇ ಆಯ್ತಲ್ಲ.

ತುಂಗಾತೀರ: ನಿಮ್ ಜೊತೆ ಮಾತಾಡೋದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

ಬೆಟ್ಟದಹೂ: ಬೆಟ್ಟ ಹತ್ತಿದ್ದು ಯಾರು ಅನ್ನೋದಕ್ಕೆ ಇನ್ನೂ ನೇರ ಉತ್ತರ ಬಂದಿಲ್ಲ.

ಕಡತಪ್ರಿಯ: ಕೊಟ್ಟಾಗಿದೆ. ಮೇಲೆ ಹೋಗಿ ಓದ್ಕೊಳ್ಳಿ.