ಮಧ್ಯಾಹ್ನದ ಹೊತ್ತಿಗೆ ನಿಧಾನವಾಗುವ ಪೋಸ್ಟ್‌ಗ್ರೆಸ್: ಮೆಮೊರಿ ಹೆಚ್ಚಿಸಿದರೂ ಪ್ರಯೋಜನವಿಲ್ಲ

ಬಿಲ್ಲಿಂಗ್‌ಬಳಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಪೋಸ್ಟ್‌ಗ್ರೆಸ್ 15 (ಡೇಟಾಬೇಸ್ ತಂತ್ರಾಂಶ) ಓಡುವ 8 ಕೋರ್‌ಗಳ ಲಿನಕ್ಸ್ ಸರ್ವರ್ ಇದೆ. ಗ್ರಾಹಕರಿಗೆ ಹೋಗಬೇಕಾದ ಎಸ್‌ಎಂಎಸ್‌ಗಳನ್ನು ಒಂದು ಟೇಬಲ್‌ನಲ್ಲಿ ಸರತಿಗೆ ಹಾಕುತ್ತೇವೆ. ಹಿನ್ನೆಲೆಯಲ್ಲಿ ಓಡುವ ಕೆಲವು ಪ್ರೋಗ್ರಾಂಗಳು ಅತ್ಯಂತ ಹಳೆಯ 20 ಸಾಲುಗಳನ್ನು ಎತ್ತಿಕೊಂಡು, ಸಂದೇಶ ಕಳುಹಿಸಿ, ಆ ಸಾಲುಗಳನ್ನು ಅಳಿಸುತ್ತವೆ. ಬೆಳಿಗ್ಗೆ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮುಗಿಯುವ, ಸಾಲುಗಳನ್ನು ಎತ್ತಿಕೊಳ್ಳುವ ಈ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆದೇಶ) ಮಧ್ಯಾಹ್ನದ ಹೊತ್ತಿಗೆ ಒಂದು ಸೆಕೆಂಡಿನ ಹತ್ತಿರ ಬರುತ್ತದೆ, ಸಿಪಿಯು ಬಳಕೆಯೂ ವಿಪರೀತ ಏರುತ್ತದೆ. ಮೆಮೊರಿಯನ್ನು 16 ಜಿಬಿಯಿಂದ 32 ಜಿಬಿಗೂ ಶೇರ್ಡ್ ಬಫರ್ಸ್ (ಡೇಟಾ ಪುಟಗಳನ್ನು ಇಟ್ಟುಕೊಳ್ಳಲು ಪೋಸ್ಟ್‌ಗ್ರೆಸ್ ಬಳಸುವ ಮೆಮೊರಿ) ಅನ್ನು 8 ಜಿಬಿಗೂ ಏರಿಸಿದ್ದಾಯಿತು, ವ್ಯತ್ಯಾಸ ಕಾಣಲಿಲ್ಲ. ಸಂಜೆ ಅಪ್ಲಿಕೇಶನ್ ಸರ್ವರ್ ಅನ್ನು ಮಾತ್ರ ರೀಸ್ಟಾರ್ಟ್ ಮಾಡಿದರೆ, ಡೇಟಾಬೇಸನ್ನು ಮುಟ್ಟದಿದ್ದರೂ, ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಗುತ್ತದೆ. ಎಲ್ಲಿ ನೋಡಬೇಕೆಂದು ತಿಳಿಸುವಿರಾ?

ವೇಗದೂತ

ವರ್ಕ್ ಮೆಮ್ (ಸಾಲುಗಳನ್ನು ಜೋಡಿಸುವ ಸಾರ್ಟ್‌ನಂಥ ಕೆಲಸಗಳಿಗೆ ಸಿಗುವ ಮೆಮೊರಿ) ಪೂರ್ವನಿಯೋಜಿತವಾಗಿ 4 ಎಂಬಿ ಮಾತ್ರ ಇರುತ್ತದೆ. ಅದನ್ನು 256 ಎಂಬಿ ಮಾಡಿ, ಮ್ಯಾಕ್ಸ್ ಕನೆಕ್ಷನ್ಸ್ ಅನ್ನು 100ರಿಂದ 300ಕ್ಕೆ ಏರಿಸಿ ನೋಡಬಹುದು.

ಹಳೇಡಿಬಿಎ

ದಯವಿಟ್ಟು ಹಾಗೆ ಮಾಡಬೇಡಿ. ವರ್ಕ್ ಮೆಮ್ ಎಂಬುದು ಇಡೀ ಸರ್ವರ್‌ಗೆ ಇರುವ ಮಿತಿಯಲ್ಲ, ಒಂದು ಕನೆಕ್ಷನ್‌ಗೆ ಇರುವ ಮಿತಿಯೂ ಅಲ್ಲ. ಒಂದೇ ಕ್ವೆರಿಯೊಳಗಿನ ಪ್ರತಿಯೊಂದು ಸಾರ್ಟ್ ಕೂಡ ಅಷ್ಟು ಮೆಮೊರಿ ಬಳಸಬಹುದು. 300 ಕನೆಕ್ಷನ್‌ಗಳು ತಲಾ ಒಂದೊಂದು ಸಾರ್ಟ್‌ಗೆ 256 ಎಂಬಿ ತೆಗೆದುಕೊಂಡರೂ 75 ಜಿಬಿ ಆಗುತ್ತದೆ, ಇವರ ಬಳಿ ಇರುವುದು 32. ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ (ಕ್ವೆರಿಯನ್ನು ಓಡಿಸಿ ಅದು ನಡೆದ ಬಗೆಯನ್ನು ತೋರಿಸುವ ಆದೇಶ) ಸಾರ್ಟ್ ಡಿಸ್ಕಿಗೆ ಚೆಲ್ಲುತ್ತಿರುವುದು ಕಂಡುಬಂದಾಗ ಆ ಸಂಖ್ಯೆಯನ್ನು ಏರಿಸುವುದು ಸರಿ. ಈ ಪ್ರಶ್ನೆಯಲ್ಲಿ ಅಂಥ ಸುಳಿವೇ ಇಲ್ಲ.

ಬಿಲ್ಲಿಂಗ್‌ಬಳಗ ಅವರೇ, ನಿಧಾನವಾಗಿರುವ ಹೊತ್ತಿನಲ್ಲಿಯೇ (ಸಂಜೆ ಸರಿಹೋದ ಮೇಲಲ್ಲ) ಆ ಕ್ವೆರಿಯ ಎಕ್ಸ್‌ಪ್ಲೇನ್ ಅನಲೈಸ್ ಅನ್ನು ಬಫರ್ಸ್ ಆಯ್ಕೆಯೊಂದಿಗೆ ತೆಗೆಯಿರಿ. ಜೊತೆಗೆ ಪಿಜಿ ಸ್ಟಾಟ್ ಯೂಸರ್ ಟೇಬಲ್ಸ್‌ನಲ್ಲಿ (ಟೇಬಲ್‌ಗಳ ಅಂಕಿಅಂಶದ ಪಟ್ಟಿ) ಆ ಟೇಬಲ್‌ನ ಸತ್ತ ಸಾಲುಗಳ (ಅಳಿಸಿದರೂ ಜಾಗ ಬಿಡದವು) ಸಂಖ್ಯೆ ಮತ್ತು ಅವುಗಳನ್ನು ತಾನಾಗಿ ತೆರವುಗೊಳಿಸುವ ಆಟೋವ್ಯಾಕ್ಯೂಮ್ ಕೊನೆಯದಾಗಿ ಓಡಿದ ಸಮಯವನ್ನು ನೋಡಿ ತಿಳಿಸಿ.

ಬಿಲ್ಲಿಂಗ್‌ಬಳಗ

ತೆಗೆದು ನೋಡಿದೆ. ಪ್ಲಾನ್‌ನಲ್ಲಿ ಇಂಡೆಕ್ಸ್ ಸ್ಕ್ಯಾನ್ (ಸೂಚಿಯ ಮೂಲಕ ಸಾಲುಗಳನ್ನು ಹುಡುಕುವುದು) ಇದೆ, ಬಂದ ಸಾಲುಗಳು 20, ಸಮಯ ಸುಮಾರು 900 ಮಿಲಿಸೆಕೆಂಡು. ಶೇರ್ಡ್ ಹಿಟ್ (ಶೇರ್ಡ್ ಬಫರ್ಸ್‌ನಲ್ಲೇ ಸಿಕ್ಕ ಪುಟಗಳು) 6,40,000ಕ್ಕಿಂತ ಹೆಚ್ಚು, ರೀಡ್ (ಅದರ ಹೊರಗಿನಿಂದ ಓದಬೇಕಾದವು) ಸೊನ್ನೆ. ಜೀವಂತ ಸಾಲುಗಳು ಕೆಲವು ನೂರು ಮಾತ್ರ. ಸತ್ತ ಸಾಲುಗಳು 7 ಲಕ್ಷದ ಆಸುಪಾಸು. ಆದರೆ ಆಟೋವ್ಯಾಕ್ಯೂಮ್ ಒಂದು ನಿಮಿಷದ ಹಿಂದಷ್ಟೇ ಓಡಿದೆ ಎಂದು ತೋರಿಸುತ್ತಿದೆ. ಇದು ಹೇಗೆ ಸಾಧ್ಯ?

ಹಳೇಡಿಬಿಎ

ರೀಡ್ ಸೊನ್ನೆ ಇರುವುದರಿಂದ ಬೇಕಾದದ್ದೆಲ್ಲವೂ ಮೊದಲೇ ಮೆಮೊರಿಯಲ್ಲಿದೆ. ಆದ್ದರಿಂದಲೇ ಇನ್ನಷ್ಟು ಮೆಮೊರಿ ಹಾಕಿದ್ದು ನಿರುಪಯೋಗವಾಯಿತು. 20 ಸಾಲುಗಳಿಗಾಗಿ ಆರು ಲಕ್ಷಕ್ಕೂ ಹೆಚ್ಚು ಬಾರಿ ಪುಟಗಳನ್ನು ಮುಟ್ಟುತ್ತಿರುವುದೇ ರೋಗ.

ಪೋಸ್ಟ್‌ಗ್ರೆಸ್ ಒಂದು ಸಾಲನ್ನು ಅಳಿಸಿದಾಗ ಅದನ್ನು ತಕ್ಷಣ ತೆಗೆದುಹಾಕುವುದಿಲ್ಲ, ಏಕೆಂದರೆ ಅದಕ್ಕೂ ಮೊದಲು ಆರಂಭವಾದ ಯಾವುದಾದರೂ ಟ್ರಾನ್ಸಾಕ್ಷನ್‌ಗೆ (ಒಂದೇ ಘಟಕವಾಗಿ ನಡೆಯುವ ಆದೇಶಗಳ ಗುಂಪು) ಆ ಸಾಲು ಇನ್ನೂ ಕಾಣಬೇಕಾಗಿರಬಹುದು. ಅಂಥ ಹಳೆಯ ಟ್ರಾನ್ಸಾಕ್ಷನ್ ಒಂದು ತೆರೆದೇ ಉಳಿದರೆ, ವ್ಯಾಕ್ಯೂಮ್ ಎಷ್ಟು ಸಲ ಬಂದುಹೋದರೂ ಆ ಸಾಲುಗಳನ್ನು ತೆಗೆಯಲಾರದು. ಅಷ್ಟೇ ಅಲ್ಲ, ಸ್ಕ್ಯಾನ್ ಮಾಡುವಾಗ ಇಂಡೆಕ್ಸ್‌ನ ನಮೂದುಗಳನ್ನು ಸತ್ತವೆಂದು ಗುರುತಿಸಿ ಮುಂದಿನ ಬಾರಿ ದಾಟಿಹೋಗುವ ಅನುಕೂಲವೂ ತಪ್ಪಿಹೋಗುತ್ತದೆ. ನಿಮ್ಮ ಕ್ವೆರಿ ಅತ್ಯಂತ ಹಳೆಯ ತುದಿಯಿಂದ ಆರಂಭವಾಗುವುದರಿಂದ, ಅಂದು ಅಳಿಸಿದ ಎಲ್ಲ ಸಾಲುಗಳನ್ನೂ ಪ್ರತಿ ಬಾರಿ ಒಂದೊಂದಾಗಿ ಪರೀಕ್ಷಿಸಿಯೇ ಜೀವಂತ ಸಾಲನ್ನು ಮುಟ್ಟಬೇಕು. ವ್ಯಾಕ್ಯೂಮ್ ವರ್ಬೋಸ್ ಓಡಿಸಿದರೆ, ಸತ್ತಿದ್ದರೂ ಇನ್ನೂ ತೆಗೆಯಲಾಗದ ಸಾಲುಗಳ ಲೆಕ್ಕವನ್ನು ಅದೇ ಹೇಳುತ್ತದೆ.

ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದಾಗ ಸರಿಹೋಗುವುದರಿಂದ ತಪ್ಪಿತಸ್ಥ ಕನೆಕ್ಷನ್ ಅಲ್ಲಿಂದಲೇ ಬಂದಿದೆ. ಪಿಜಿ ಸ್ಟಾಟ್ ಆಕ್ಟಿವಿಟಿಯನ್ನು (ಈಗಿರುವ ಕನೆಕ್ಷನ್‌ಗಳ ಪಟ್ಟಿ) ಟ್ರಾನ್ಸಾಕ್ಷನ್ ಆರಂಭದ ಸಮಯಕ್ಕೆ ಅನುಗುಣವಾಗಿ ಜೋಡಿಸಿ, ಮೇಲಿನ ಸಾಲಿನ ಸ್ಥಿತಿ 'ಐಡಲ್ ಇನ್ ಟ್ರಾನ್ಸಾಕ್ಷನ್' (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವುದು) ಎಂದಿದೆಯೇ ನೋಡಿ.

ಇಂಡೆಕ್ಸ್‌ಪ್ರಿಯ

ಒಂದು ತಿದ್ದುಪಡಿ ಅಗತ್ಯ. ರೀಡ್ ಕಮಿಟೆಡ್ ಮಟ್ಟದಲ್ಲಿ (ಪ್ರತಿ ಆದೇಶಕ್ಕೂ ಆ ಹೊತ್ತಿನ ಡೇಟಾ ಕಾಣುತ್ತದೆ) ಬರೀ ಸೆಲೆಕ್ಟ್ ಮಾಡಿ ಸುಮ್ಮನೆ ಕುಳಿತ ಟ್ರಾನ್ಸಾಕ್ಷನ್ ಸಾಮಾನ್ಯವಾಗಿ ವ್ಯಾಕ್ಯೂಮ್ ಅನ್ನು ತಡೆಯುವುದಿಲ್ಲ. ಅದು ಏನನ್ನಾದರೂ ಬರೆದಿದ್ದರೆ, ಕರ್ಸರ್ (ಫಲಿತಾಂಶವನ್ನು ಸ್ವಲ್ಪಸ್ವಲ್ಪವಾಗಿ ಓದುವ ಸಾಧನ) ತೆರೆದಿಟ್ಟಿದ್ದರೆ, ಅಥವಾ ರಿಪೀಟಬಲ್ ರೀಡ್ (ಕೊನೆಯವರೆಗೂ ಡೇಟಾ ಒಂದೇ ರೀತಿ ಕಾಣುವ) ಮಟ್ಟದಲ್ಲಿದ್ದರೆ ತಡೆಯುತ್ತದೆ. ಆದುದರಿಂದ ಸ್ಥಿತಿಯನ್ನಷ್ಟೇ ನಂಬದೆ, ಬ್ಯಾಕೆಂಡ್ ಎಕ್ಸ್‌ಮಿನ್ ಮತ್ತು ಬ್ಯಾಕೆಂಡ್ ಎಕ್ಸ್‌ಐಡಿ ಅಂಕಣಗಳಲ್ಲಿ ಹಳೆಯ ಟ್ರಾನ್ಸಾಕ್ಷನ್ ಸಂಖ್ಯೆ ಯಾರದೆಂದು ಪರಿಶೀಲಿಸಿ.

ಬಿಲ್ಲಿಂಗ್‌ಬಳಗ

ಸಿಕ್ಕಿತು. ವರದಿ ತಯಾರಿಸುವ ಪ್ರೋಗ್ರಾಂ ಅಂಕಿಅಂಶಗಳು ಒಂದಕ್ಕೊಂದು ತಾಳೆಯಾಗಲೆಂದು ಬೆಳಿಗ್ಗೆ ರಿಪೀಟಬಲ್ ರೀಡ್‌ನಲ್ಲಿ ಟ್ರಾನ್ಸಾಕ್ಷನ್ ತೆರೆದು, ವರದಿ ಮುಗಿದ ಮೇಲೂ ಅದನ್ನು ಮುಚ್ಚುತ್ತಿರಲಿಲ್ಲ. ಆ ಸೆಷನ್ ಅನ್ನು ಕೊನೆಗೊಳಿಸಿದ ಬಳಿಕ, ಮುಂದಿನ ಆಟೋವ್ಯಾಕ್ಯೂಮ್ ಮುಗಿಯುತ್ತಿದ್ದಂತೆ ಕ್ವೆರಿ ಮತ್ತೆ 2 ಮಿಲಿಸೆಕೆಂಡಿಗೆ ಇಳಿಯಿತು. ವರದಿಗಳನ್ನು ರೆಪ್ಲಿಕಾ (ಮುಖ್ಯ ಡೇಟಾಬೇಸ್‌ನ ಪ್ರತಿ ಇರುವ) ಸರ್ವರ್‌ಗೆ ವರ್ಗಾಯಿಸಿದರೆ ಶಾಶ್ವತ ಪರಿಹಾರ ಆಗುತ್ತದೆಯೇ? ಉಬ್ಬಿದ ಟೇಬಲ್‌ಗೆ ವ್ಯಾಕ್ಯೂಮ್ ಫುಲ್ (ಟೇಬಲನ್ನು ಹೊಸದಾಗಿ ಬರೆದು ಕುಗ್ಗಿಸುವುದು) ಬೇಕೇ?

ಹಳೇಡಿಬಿಎ

ಮೊದಲು ಪ್ರೋಗ್ರಾಂನಲ್ಲಿ ಕಮಿಟ್ (ಟ್ರಾನ್ಸಾಕ್ಷನ್ ಮುಗಿಸುವ ಆದೇಶ) ಸೇರಿಸಿ. ಅದರ ಜೊತೆಗೆ, ಆ ವರದಿ ಬಳಸುವ ರೋಲ್‌ಗೆ (ಡೇಟಾಬೇಸ್ ಬಳಕೆದಾರ ಖಾತೆ) ಮಾತ್ರ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮೌಟ್ ಅನ್ನು, ಉದಾಹರಣೆಗೆ 5 ನಿಮಿಷಕ್ಕೆ, ನಿಗದಿಪಡಿಸಿ, 9.6ನೇ ಆವೃತ್ತಿಯಿಂದ ಈ ಸೌಲಭ್ಯವಿದೆ. ರೆಪ್ಲಿಕಾಗೆ ವರ್ಗಾಯಿಸುವುದಾದರೆ ಎಚ್ಚರ: ಅಲ್ಲಿ ಹಾಟ್ ಸ್ಟ್ಯಾಂಡ್‌ಬೈ ಫೀಡ್‌ಬ್ಯಾಕ್ (ತನಗೆ ಇನ್ನೂ ಬೇಕಾದ ಹಳೆಯ ಸಾಲುಗಳ ಬಗ್ಗೆ ರೆಪ್ಲಿಕಾ ಮುಖ್ಯ ಸರ್ವರ್‌ಗೆ ತಿಳಿಸುವ ವ್ಯವಸ್ಥೆ) ಆನ್ ಆಗಿದ್ದರೆ, ರೆಪ್ಲಿಕಾದ ಹಳೆಯ ಟ್ರಾನ್ಸಾಕ್ಷನ್ ಕೂಡ ಮುಖ್ಯ ಸರ್ವರ್‌ನ ವ್ಯಾಕ್ಯೂಮ್ ಅನ್ನು ಇದೇ ರೀತಿ ತಡೆಯುತ್ತದೆ.

ವ್ಯಾಕ್ಯೂಮ್ ಫುಲ್ ನಡೆಯುವಷ್ಟು ಹೊತ್ತು ಆ ಟೇಬಲನ್ನು ಯಾರೂ ಓದಲೂ ಆಗದಂತೆ ಲಾಕ್ ಹಿಡಿಯುತ್ತದೆ, ಹಗಲಿನಲ್ಲಿ ಅದರ ಗೊಡವೆ ಬೇಡ. ಟೇಬಲ್‌ನೊಳಗೆ ತೆರವಾದ ಜಾಗವನ್ನು ಹೊಸ ಸಾಲುಗಳು ಮರುಬಳಕೆ ಮಾಡಿಕೊಳ್ಳುತ್ತವೆ. ಇಂಡೆಕ್ಸ್ ಮಾತ್ರ ತೀರಾ ದೊಡ್ಡದಾಗಿದ್ದರೆ ರೀಇಂಡೆಕ್ಸ್ ಕನ್‌ಕರೆಂಟ್ಲಿ (ಇಂಡೆಕ್ಸ್ ಅನ್ನು ಮತ್ತೆ ಕಟ್ಟುವ ಆದೇಶ) ಬಳಸಿ. ಅದು ನಡೆಯುವಾಗ ಬರೆಯುವ ಕೆಲಸ ನಿಲ್ಲುವುದಿಲ್ಲ.