ಹತ್ತು ಇನ್ನಿಂಗ್ಸು, ಒಂದೇ ರನ್ನು

ಶೀನ: ಬೇಸ್‌ಬಾಲ್‌ನಲ್ಲಿ ಹತ್ತು ಇನ್ನಿಂಗ್ಸ್ ಆಡಿ ಒಂದು ರನ್ನಾ? ಗಲ್ಲಿ ಕ್ರಿಕೆಟ್‌ನಲ್ಲಿ ಒಂದು ವೈಡ್‌ಗೇ ಅಷ್ಟು ಸಿಗುತ್ತಲ್ಲೋ!

ನಾಣಿ: 1991ರ ಅಕ್ಟೋಬರ್ 27 ಕಣೋ, ಮಿನಿಯಾಪೊಲಿಸ್‌ನ ಮೆಟ್ರೊಡೋಮ್. ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಮಿನ್ನೆಸೋಟಾ ಟ್ವಿನ್ಸ್ 1, ಅಟ್ಲಾಂಟಾ ಬ್ರೇವ್ಸ್ 0. ಹಿಂದಿನ ವರ್ಷ ಎರಡೂ ತಂಡ ತಂತಮ್ಮ ಡಿವಿಷನ್ನಲ್ಲಿ ಕಟ್ಟಕಡೆ.

ಶೀನ: ಅದಕ್ಕೇ ರನ್ ಹೊಡೆಯೋದು ಮರೆತಿರಬೇಕು.

ಗುಂಡ: ಮರೆತಿದ್ದಲ್ಲ, ಟ್ವಿನ್ಸ್‌ನ ಪಿಚರ್, ಅಂದ್ರೆ ಚೆಂಡು ಎಸೆಯೋ ಜ್ಯಾಕ್ ಮಾರಿಸ್ ಮರೆಸಿದ್ದು. ವಯಸ್ಸು 36, ಕೈಯಲ್ಲಿ ಫೋರ್ಕ್‌ಬಾಲ್ ಅನ್ನೋ ಎಸೆತ. ತೋರುಬೆರಳು, ನಡುಬೆರಳು ಕವಣೆ ಕವೆಯ ಥರ ಅಗಲಿಸಿ ಮಧ್ಯೆ ಚೆಂಡು ಸಿಕ್ಕಿಸಬೇಕು. ತೋಳು ಬೀಸೋದು ಫಾಸ್ಟ್‌ಬಾಲ್ ಥರಾನೇ, ಅದರಲ್ಲಿ ಗುಟ್ಟು ಬಿಡಬಾರದು. ಆದ್ರೆ ಬೆರಳ ತುದಿ ಚೆಂಡಿನ ಬೆನ್ನು ತಿರುಗಿಸಲ್ಲ, ಸ್ಪಿನ್ ಕಮ್ಮಿ. ಆ ಹಿಮ್ಮುಖ ಸ್ಪಿನ್ ಇದ್ದರೆ ಚೆಂಡು ಇಳಿಯೋಕೆ ಸ್ವಲ್ಪ ತಡ ಮಾಡುತ್ತೆ. ಇಲ್ಲದಿದ್ರೆ ಬ್ಯಾಟ್ಸ್‌ಮನ್ ಪಕ್ಕದ ಪ್ಲೇಟ್ ಹತ್ರ ಬಂದು ದಬಕ್ ಅಂತ ಕುಸಿಯುತ್ತೆ. ಪಿಚರ್‌ಗೂ ಪ್ಲೇಟಿಗೂ 60 ಅಡಿ 6 ಇಂಚು. ಗಂಟೆಗೆ 90 ಮೈಲಿಯ ಚೆಂಡು ಬರೋಕೆ ಸುಮಾರು 0.4 ಸೆಕೆಂಡು.

ಶೀನ: ಹಾಗಾದ್ರೆ ಎಲ್ಲಾ ಅದನ್ನೇ ಎಸೀಬಹುದಲ್ಲ!

ಗುಂಡ: ಹಿಡಿತ ಜಾರಿತೋ, ಚೆಂಡು ಕುಸಿಯದೆ ಸೊಂಟದೆತ್ತರಕ್ಕೆ ಬಂದು ನಿಲ್ಲುತ್ತೆ, ತಗೋ ಹೋಂ ರನ್. ತೀರಾ ಕೆಳಗೆ ಬಿತ್ತೋ, ಪುಟಿದು ಪ್ಲೇಟ್ ಹಿಂದಿರೋ ಕ್ಯಾಚರನ್ನೂ ದಾಟಿ ಹೋಗುತ್ತೆ; ಮೂರನೇ ಬೇಸ್‌ನಲ್ಲಿದ್ದವನು ಆರಾಮಾಗಿ ಮನೆಗೆ, ಅಂದ್ರೆ ಪ್ಲೇಟಿಗೆ. ಮೂರು ಬೇಸ್ ಸುತ್ತಿ ಅಲ್ಲಿಗೆ ಬಂದ್ರೇ ಒಂದು ರನ್.

ನಾಣಿ: ಎಂಟನೇ ಇನ್ನಿಂಗ್ಸ್ ಹೇಳೋ. ಬ್ರೇವ್ಸ್‌ನ ಲೋನಿ ಸ್ಮಿತ್ ಮೊದಲ ಬೇಸ್‌ನಿಂದ ಓಟ ಕಿತ್ತಿದ್ದಾನೆ, ಅವನ ಜೊತೆಗಾರ ಪೆಂಡಲ್‌ಟನ್ ಚೆಂಡನ್ನ ಎಡ-ನಡು ಗೋಡೆವರೆಗೂ ಕಳಿಸಿದ. ಆಗ ಟ್ವಿನ್ಸ್‌ನ ನಾಬ್ಲಾಕ್, ಗ್ಯಾಗ್ನಿ ಇಬ್ಬರೂ ಚೆಂಡು ತಮ್ಮ ಹತ್ರಾನೇ ಇದೆ ಅನ್ನೋ ಥರ ಹೆಕ್ಕಿ ಎಸೆಯೋ ಅಭಿನಯ. ನಾಟಕದಲ್ಲಿ ಖಾಲಿ ಲೋಟದಲ್ಲಿ ಕಾಫಿ ಕುಡೀತಾರಲ್ಲ, ಹಾಗೆ!

ಶೀನ: ಸ್ಮಿತ್ ಆ ಕಾಫಿ ಕುಡಿದ?

ನಾಣಿ: ಅವನು ಒಪ್ಪಲ್ಲ. ಚೆಂಡು ಎಲ್ಲಿ ಅಂತ ಕಾಣದೆ ನಿಂತೆ ಅಂತಾನೆ. ನನ್ನ ಕೇಳಿದ್ರೆ ಓಡೋವಾಗ್ಲೇ ಒಂದ್ಸಲ ತಲೆಯೆತ್ತಿ ನೋಡಬೇಕಿತ್ತು. ಮನೆ ಸೇರಬೇಕಾದವನು ಮೂರನೇ ಬೇಸ್‌ನಲ್ಲಿ ಉಳಿದ, ಪೆಂಡಲ್‌ಟನ್ ಎರಡನೆಯದರಲ್ಲಿ.

ಗುಂಡ: ಇನ್ನೂ ಒಬ್ಬರೂ ಔಟಾಗಿಲ್ಲ ಅನ್ನು! ಮುಂದಿನ ಬ್ಯಾಟ್ಸ್‌ಮನ್ ಗ್ಯಾಂಟ್ ಮೊದಲ ಬೇಸ್ ಕಡೆ ಮೆತ್ತಗೆ ಉರುಳಿಸಿ ಔಟ್. ಆಮೇಲೆ ಬಂದ ಜಸ್ಟಿಸ್‌ಗೆ ಬೇಕಂತಲೇ ವಾಕ್, ಅಂದ್ರೆ ಹೊಡೆಯದೇ ಮೊದಲ ಬೇಸ್ ಬಿಟ್ಟಿ. ಬೇಸೆಲ್ಲ ತುಂಬಿದ್ರೆ ಮನೆಯಲ್ಲೂ ಓಟಗಾರನನ್ನ ಮುಟ್ಟಬೇಕಿಲ್ಲ, ಚೆಂಡು ಹಿಡಿದು ಪ್ಲೇಟ್ ತುಳಿದ್ರೆ ಸಾಕು, ಔಟ್. ಬ್ರೀಮ್ ಚೆಂಡನ್ನ ಉರುಳಿಸಿ, ಮೊದಲ ಬೇಸ್ ಕಾಯೋ ಟ್ವಿನ್ಸ್‌ನ ಹರ್ಬೆಕ್ ಕೈಗೇ ಹೊಡೆದ. ಮೂರು-ಎರಡು-ಮೂರು!

ಶೀನ: ಇದೇನು ಮಗ್ಗಿನಾ?

ಗುಂಡ: ಆಟಗಾರರ ಜಾಗಕ್ಕೆ ನಂಬರ್ ಇರುತ್ತೆ, ಮೊದಲ ಬೇಸ್‌ನವನು 3, ಕ್ಯಾಚರ್ 2. ಚೆಂಡು ಅಲ್ಲಿಂದ ಮನೆಗೆ, ಮನೆಯಿಂದ ವಾಪಸ್. ವಿಳಾಸ ತಪ್ಪಿದ ಕಾಗದದ ಥರ ಹೋಗಿ ಬರೋದ್ರೊಳಗೆ ಇಬ್ಬರು ಔಟ್.

ನಾಣಿ: ಬ್ರೇವ್ಸ್ ಪಿಚರ್ ಸ್ಮೋಲ್ಟ್ಸೂ ಕಮ್ಮಿಯೇನಲ್ಲ, ಎಂಟನೆಯದರಲ್ಲಿ ಅವನನ್ನ ಬದಲಾಯಿಸೋವರೆಗೂ ಒಂದು ರನ್ನೂ ಕೊಟ್ಟಿಲ್ಲ. ಇತ್ತ ಮಾಮೂಲಿ ಒಂಬತ್ತು ಇನ್ನಿಂಗ್ಸ್ ಆದ ಮೇಲೆ ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲ್ಲಿ ಸಾಕು ಅಂದ್ರೂ ಮಾರಿಸ್ ಬಿಟ್ಟುಕೊಡಲಿಲ್ಲ. ಹತ್ತನೆಯದನ್ನೂ ಎಸೆದ, ಒಟ್ಟು 126 ಎಸೆತ.

ಶೀನ: ಆ ಒಂದು ರನ್ ಎಲ್ಲಿ ಮಾರಾಯ?

ಗುಂಡ: ಹತ್ತನೆಯದರಲ್ಲಿ ಟ್ವಿನ್ಸ್‌ನ ಗ್ಲಾಡನ್ ಬ್ಯಾಟು ಮುರಿದುಕೊಂಡೇ ಎರಡನೇ ಬೇಸ್ ಸೇರಿದ. ನಾಬ್ಲಾಕ್ ಬಂಟ್ ಮಾಡಿ, ಅಂದ್ರೆ ಬ್ಯಾಟು ಬೀಸದೆ ಚೆಂಡಿಗೆ ಮುಟ್ಟಿಸಿ, ತಾನು ಔಟಾಗಿ ಅವನನ್ನ ಮೂರಕ್ಕೆ ದಾಟಿಸಿದ. ಇಬ್ಬರಿಗೆ ವಾಕ್, ಬೇಸ್ ಮತ್ತೆ ಫುಲ್. ದೂರ ಹೋದ ಚೆಂಡನ್ನ ಕ್ಯಾಚ್ ಹಿಡಿದ್ರೂ ಗ್ಲಾಡನ್ ಆಮೇಲೆ ಓಡಿ ಮನೆ ಸೇರ್ತಾನೆ. ಅದಕ್ಕೆ ಹೊರಮೈದಾನದವರು ಹತ್ತಿರ ಬಂದು ನಿಂತ್ರು. ಲಾರ್ಕಿನ್ ಮೊದಲ ಎಸೆತಾನೇ ಅವರ ತಲೆ ಮೇಲಿಂದ ಕಳಿಸಿದ, ಗ್ಲಾಡನ್ ಮನೆಗೆ!

ಶೀನ: ಮಾರಿಸ್ ಬ್ಯಾಟ್ ಮಾಡಲಿಲ್ವಾ?

ನಾಣಿ: ಇಲ್ಲಪ್ಪ. ಟ್ವಿನ್ಸ್ ಇರೋದು ಅಮೆರಿಕನ್ ಲೀಗ್‌ನಲ್ಲಿ; ಆ ಲೀಗ್‌ನ ಮೈದಾನದಲ್ಲಿ ಆಗ ಪಿಚರ್ ಬದಲು ಹೊಡೆಯೋಕೆ ಬೇರೆಯವನಿರ್ತಿದ್ದ.

ಶೀನ: ಹತ್ತು ಇನ್ನಿಂಗ್ಸ್ ಎಸೆದವನಿಗೆ ಬ್ಯಾಟಿಂಗೇ ಇಲ್ವಾ! ನಮ್ಮ ಗಲ್ಲಿಯಲ್ಲಾಗಿದ್ರೆ ಮೂರನೇ ಇನ್ನಿಂಗ್ಸಲ್ಲೇ ಚೆಂಡು ಜೇಬಿಗೆ ಹಾಕ್ಕೊಂಡು ಮನೆಗೆ ಹೋಗ್ತಿದ್ದ.