ಪದಚರ್ಚೆ: ದರ್ಬುಕದ ‘ಕ’ – ನಾದವೋ, ಹೊಡೆತವೋ, ಸೊಲ್ಲೋ?

ಗೆಳೆಯರೇ, ನಮಸ್ಕಾರ.

ಎಂಟು ತಿಂಗಳಿಂದ ದರ್ಬುಕ ಕಲಿಯುತ್ತಿದ್ದೇನೆ. ಈಜಿಪ್ಟ್, ಲೆಬನಾನ್, ಸಿರಿಯಾ, ಟರ್ಕಿ ಕಡೆಯ ಚರ್ಮವಾದ್ಯ. ಮುಚ್ಚಿಗೆ, ಅಂದರೆ ಬಾಯಿಗೆ ಬಿಗಿದ ಹೊಡೆಯುವ ಹೊದಿಕೆ, ಒಂದೇ ಕಡೆ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಎರಡೂ ಕೈಯ ಬೆರಳುಗಳಿಂದ ನುಡಿಸುತ್ತಾರೆ. ಪ್ರತಿ ಪಾಠ ಮುಗಿದ ಮೇಲೆ ಅವತ್ತು ಕಲಿತದ್ದನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹಾಗೆ ಬರೆಯುವಾಗ ಸಿಕ್ಕಿಹಾಕಿಕೊಂಡ ಕೆಲವು ಪದಗಳನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅದರಲ್ಲಿ ನನಗೆ ಜಾಸ್ತಿ ಬೇಕಾದದ್ದು ಒಂದೇ ಅಕ್ಷರದ ವಿಚಾರ. ‘ಕ’.

ದರ್ಬುಕದ ಮೊದಲ ಪಾಠದಲ್ಲಿ ಮೂರು ಮಾತು ಕಲಿಸುತ್ತಾರೆ: ದುಂ, ತೆಕ್, ಕ. ಬಲಗೈಯ ಬೆರಳುಗಳನ್ನು ಜೋಡಿಸಿ, ಅಂಚಿನಿಂದ ಒಳಗೆ, ನಡುಭಾಗದ ಕಡೆಗೆ ಹೊಡೆದು ಕೂಡಲೇ ಎತ್ತಿದರೆ ತುಂಬಿದ ತಗ್ಗುದನಿ ಬರುತ್ತದೆ. ಅದು ದುಂ. ಅದೇ ಬಲಗೈಯ ಬೆರಳಿನಿಂದ ಅಂಚಿಗೆ ಹೊಡೆದರೆ ಚುರುಕಾದ ಏರುದನಿ. ಅದು ತೆಕ್. ಎಡ ಮುಂಗೈ ವಾದ್ಯದ ಮೈಮೇಲೆ ಒರಗಿರುತ್ತದೆ. ಅಲ್ಲಿಂದಲೇ ಎಡಗೈಯ ಉಂಗುರ ಬೆರಳು ಅಂಚಿಗೆ ಬಡಿದರೆ ಕ.

ನಾನು ಇದನ್ನು ಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: ‘ದರ್ಬುಕದಲ್ಲಿ ಮೂರು ನಾದಗಳು.’ ತಪ್ಪಾದದ್ದು ಅಲ್ಲೇ.

ಚಿಕ್ಕಂದಿನಲ್ಲಿ ಎರಡು ವರ್ಷ ತಬಲ ಕಲಿತಿದ್ದೆ. ತಬಲದಲ್ಲಿ ‘ಕ’, ‘ಕೆ’, ‘ಕತ್’ ಅಂದರೆ ಎಡಗೈ ಡಗ್ಗದ (ತಬಲ ಜೋಡಿಯ ಎಡಗಡೆಯ ವಾದ್ಯದ) ಮೇಲೆ ಚಪ್ಪಟೆಯಾಗಿ ಬೀಳುವುದು. ಅನುರಣನೆ ಇಲ್ಲದ, ಮುಚ್ಚಿದ ಸದ್ದು. ದರ್ಬುಕದಲ್ಲೂ ಎಡಗೈ, ಇಲ್ಲೂ ‘ಕ’. ನನ್ನ ಕೈ ಬೇರೆ ಏನನ್ನೂ ಕೇಳಲಿಲ್ಲ. ಮೂರು ತಿಂಗಳ ಕಾಲ ಎಡಗೈಯಿಂದ ಮಂಕಾದ, ಅದುಮಿದ ಸದ್ದನ್ನೇ ತೆಗೆಯುತ್ತಿದ್ದೆ. ಬೆರಳು ಅಂಚಿನ ಮೇಲೆ ಬಿದ್ದು ಅಲ್ಲೇ ಕೂತುಬಿಡುತ್ತಿತ್ತು.

ಒಂದು ದಿನ ಕಲಿಸುವವರು ನನ್ನನ್ನು ಗೋಡೆಯ ಕಡೆಗೆ ತಿರುಗಿ ಕೂರಲು ಹೇಳಿದರು. ತಾವು ಹಿಂದೆ ಕೂತು ಒಂದೊಂದೇ ಹೊಡೆತ ಹೊಡೆದರು. ‘ಯಾವುದು ತೆಕ್, ಯಾವುದು ಕ, ಹೇಳಿ’ ಅಂದರು. ನನಗೆ ಹೇಳಲಾಗಲಿಲ್ಲ. ಹತ್ತು ಸಲವೂ ಒಂದೇ ದನಿ. ಆಮೇಲೆ ನಾನು ನುಡಿಸಿದೆ, ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದನ್ನೂ ಬಿಡದೆ ಸರಿಯಾಗಿ ಹೇಳಿಬಿಟ್ಟರು. ‘ನಿಮ್ಮದು ಗೊತ್ತಾಗುತ್ತದೆ. ಗೊತ್ತಾಗಬಾರದು’ ಅಂದರು.

ತೆಕ್ ಮತ್ತು ಕ ಎರಡೂ ಕಿವಿಗೆ ಒಂದೇ ಆಗಿರಬೇಕು. ಬೇರೆ ಆಗುವುದು ಕೈ ಮಾತ್ರ. ಇದು ಸುಮ್ನೆ ಶಿಸ್ತಿಗಾಗಿ ಮಾಡಿದ ನಿಯಮವಲ್ಲ. ತೆಕ್-ಕ-ತೆಕ್-ಕ ಅಂತ ಎರಡು ಕೈಯನ್ನೂ ಬೇಗ ಬೇಗ ಓಡಿಸಿದರೆ ಅದು ಒಂದೇ ಎಳೆಯಾಗಿ, ಮಳೆ ಸುರಿದಂತೆ ಕೇಳಿಸಬೇಕು. ಕ ಮಂಕಾಗಿದ್ದರೆ ಆ ಓಟ ಕುಂಟುತ್ತದೆ. ನನ್ನದು ಕುಂಟುತ್ತಿತ್ತು. ಕಾರಣ ಬೆರಳಿನಲ್ಲಿ ಬಲ ಇಲ್ಲದ್ದು ಅಂತ ತಿಳಿದು, ಬಲ ಬರಲಿ ಅಂತ ದಿನಾ ಅರ್ಧ ಗಂಟೆ ಎಡಗೈ ಸಾಧನೆ ಮಾಡುತ್ತಿದ್ದೆ. ನಿಜವಾದ ಕಾರಣ ಪುಸ್ತಕದಲ್ಲಿ ನಾನೇ ಬರೆದಿಟ್ಟ ‘ನಾದ’ ಅನ್ನುವ ಪದ.

ಹಾಗಾಗಿ ನನ್ನ ಮೊದಲ ಪ್ರಶ್ನೆ: ದುಂ, ತೆಕ್, ಕ – ಇವನ್ನು ಒಟ್ಟಾಗಿ ಕನ್ನಡದಲ್ಲಿ ಏನು ಅನ್ನಬೇಕು?

‘ನಾದ’ ಅಂದರೆ ತಪ್ಪು, ಅದು ಗೊತ್ತಾಯಿತು. ನಾದ ಇರುವುದು ಎರಡೇ. ‘ಹೊಡೆತ’ ಅಂದರೆ ಲೆಕ್ಕ ಸರಿಹೋಗುತ್ತದೆ, ಮೂರು ಹೊಡೆತ. ಆದರೆ ಇವು ಬಾಯಲ್ಲಿ ಹೇಳುವ ಮಾತುಗಳೂ ಹೌದು. ಕಲಿಯುವವರು ಮೊದಲು ಬಾಯಲ್ಲಿ ಹೇಳುತ್ತಾರೆ, ಆಮೇಲೆ ಕೈಗೆ ಇಳಿಸುತ್ತಾರೆ. ಟರ್ಕಿಯ ಶಾಸ್ತ್ರೀಯ ಸಂಗೀತದಲ್ಲಿ ವಾದ್ಯವೇ ಇಲ್ಲದೆ ಎರಡು ಮೊಣಕಾಲಿನ ಮೇಲೆ ಬಡಿದುಕೊಂಡು ಹೇಳುವ ಪದ್ಧತಿ ಇದೆ. ಅಲ್ಲಿ ‘ದುಂ’ ಬಲಗೈ, ‘ತೆಕ್’ ಎಡಗೈ! ಅದೇ ಮಾತು, ತೆಕ್ ಹೊಡೆಯುವ ಕೈ ಮಾತ್ರ ಬೇರೆ. ಅಂದರೆ ಮಾತು ಬೇರೆ, ಕೈ ಬೇರೆ, ನಾದ ಬೇರೆ. ಮೂರಕ್ಕೂ ಒಂದೊಂದು ಪದ ಬೇಕೇ ಬೇಕು.

ನನಗೆ ಹೊಳೆದದ್ದು ‘ಸೊಲ್ಲು’. ಮೃದಂಗದವರು ಬಳಸುವ ಪದ, ನೃತ್ಯದವರೂ ಬಳಸುತ್ತಾರೆ. ಹಾಗಂತ ಅದು ಶಾಸ್ತ್ರದ ಪದ ಮಾತ್ರ ಅಲ್ಲ ಅಲ್ವಾ? ‘ಸೊಲ್ಲೆತ್ತಬೇಡ’, ‘ಅವನ ಸೊಲ್ಲಡಗಿತು’ ಅನ್ನುತ್ತೇವೆ. ಬಾಯಿಂದ ಹೊರಡುವ ಮಾತು ಅನ್ನುವ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ. ಆಗ ‘ಸೊಲ್ಲು ಮೂರು, ನಾದ ಎರಡು’ ಅಂತ ಒಂದೇ ಸಾಲಿನಲ್ಲಿ ಬರೆಯಬಹುದು. ಈ ಒಂದು ಸಾಲು ಮೊದಲ ದಿನವೇ ನನ್ನ ಪುಸ್ತಕದಲ್ಲಿ ಇದ್ದಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಹೊರಗಿನ ವಾದ್ಯಕ್ಕೆ ‘ಸೊಲ್ಲು’ ಅನ್ನುವುದು ನಿಮ್ಮ ಕಿವಿಗೆ ಒಗ್ಗುತ್ತದೆಯೇ? ತಬಲದವರು ಸೊಲ್ಲಿಗೆ ಹೇಳುವ ‘ಬೋಲ್’ ಅನ್ನುವ ಪದ ಬಳಸಿದರೆ ಅದು ತಬಲದ ಕಡೆಗೇ ಮತ್ತೆ ಎಳೆಯುತ್ತದೆ, ಅದು ನನಗೆ ಬೇಡ.

ಸೊಲ್ಲುಗಳ ಕಾಗುಣಿತದ ಬಗ್ಗೆಯೂ ಒಂದು ಮಾತು. ತುಂಬ ಜನ ‘ಡುಂ, ಟೆಕ್’ ಅಂತ ಬರೆಯುತ್ತಾರೆ. ರೋಮನ್ ಅಕ್ಷರದಲ್ಲಿ ನೋಡಿದ್ದನ್ನು ಓದಿಕೊಂಡಾಗ ಹಾಗಾಗುತ್ತದೆ. ಅರಬ್ಬಿಯಲ್ಲಿ ಇವೆರಡೂ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ಅಕ್ಷರಗಳು, ನಮ್ಮ ದ, ತ ಇದ್ದ ಹಾಗೆ. ಕನ್ನಡದ ಕಿವಿಗೆ ಚರ್ಮವಾದ್ಯ ಅಂದ ಕೂಡಲೇ ‘ಡ’ ಬೇಕು ಅನ್ನಿಸುವುದು ನಿಜ: ಡೋಲು, ಡಮರು, ಡಂಗುರ, ಡಗ್ಗ. ಆದರೆ ದುಂದುಭಿ, ದುಡಿ ಕೂಡ ನಮ್ಮಲ್ಲಿವೆ. ಬಾಯಲ್ಲಿ ‘ಡುಂ’ ಅಂದಾಗ ಕೈ ಗುದ್ದುತ್ತದೆ. ‘ದುಂ’ ಅಂದಾಗ ಬಿಟ್ಟು ಮೇಲೇಳುತ್ತದೆ. ಇದು ನನ್ನ ಅನುಭವ, ಉಳಿದವರಿಗೆ ಹೇಗೋ ಹೇಳಬೇಕು. ನಾನು ‘ದುಂ’, ‘ತೆಕ್’ ಅಂತಲೇ ಬರೆಯುತ್ತಿದ್ದೇನೆ.

ಇದೇ ಕಾರಣಕ್ಕೆ ವಾದ್ಯದ ಹೆಸರೂ ದರ್ಬುಕ, ಡರ್ಬುಕ ಅಲ್ಲ. ಅರಬ್ಬಿಯ ‘ಹೊಡೆ’ ಅನ್ನುವ ಧಾತುವಿನಿಂದ ಈ ಹೆಸರು ಬಂತು ಅಂತ ಹೇಳುವವರಿದ್ದಾರೆ. ಆ ಧಾತುವಿನ ಮೊದಲ ಅಕ್ಷರ ಗಂಟಲು ಬಿಗಿದು ಹೇಳುವ ಭಾರವಾದ ‘ದ’. ದರ್ಬುಕ ಬರೆಯುವುದು ಸಾದಾ ‘ದ’ದಲ್ಲಿ. ಅರಬ್ಬಿಯಲ್ಲಿ ಇವೆರಡು ಬೇರೆ ಬೇರೆ ಅಕ್ಷರಗಳು. ಹಾಗಾಗಿ ಆ ನಂಟನ್ನು ಸಲೀಸಾಗಿ ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ. ಅರಬ್ಬಿ ಬಲ್ಲವರು ಇಲ್ಲಿದ್ದರೆ ದಯವಿಟ್ಟು ತಿದ್ದಿ.

ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಈಜಿಪ್ಟಿನವರು ಈ ವಾದ್ಯವನ್ನು ‘ತಬ್ಲ’ ಅಂತಲೇ ಕರೆಯುತ್ತಾರೆ. ಅರಬ್ಬಿಯ ‘ತಬ್ಲ್’ ಅಂದರೆ ಚರ್ಮವಾದ್ಯ. ನಮ್ಮ ‘ತಬಲ’ವೂ ಅಲ್ಲಿಂದಲೇ ಬಂದದ್ದು. ಈಜಿಪ್ಟಿನ ಕಲಾವಿದರ ಮಾತನ್ನು ಕನ್ನಡಕ್ಕೆ ತರುವಾಗ ‘ನಾನು ತಬಲ ನುಡಿಸುತ್ತೇನೆ’ ಅಂತ ಬರೆದರೆ ಪದ ಸರಿ, ಅರ್ಥ ಪೂರ್ತಿ ತಪ್ಪು. ಅಲ್ಲೆಲ್ಲ ‘ದರ್ಬುಕ’ ಅಂತಲೇ ಬದಲಾಯಿಸುತ್ತಿದ್ದೇನೆ. ಇರಾನಿನ ತೊಂಬಕ್ ಕೂಡ ಇದೇ ಆಕಾರದ್ದು. ಆದರೆ ಅದು ಮರದ್ದು, ನುಡಿಸುವ ಬಗೆಯೇ ಬೇರೆ. ಅದನ್ನು ದರ್ಬುಕದ ಜೊತೆ ಸೇರಿಸಬಾರದು.

ಆಕಾರ ಅಂದಾಗ ನೆನಪಾಯಿತು. ಮೇಲೆ ಅಗಲವಾದ ಬಟ್ಟಲು, ಕೆಳಗೆ ಸಣ್ಣ ಕತ್ತು, ತುದಿಯಲ್ಲಿ ಮತ್ತೆ ಅರಳಿದ ಪಾದ. ‘ಡಮರುವಿನ ಆಕಾರ’ ಅಂತ ಬರೆದದ್ದನ್ನು ಓದಿದ್ದೇನೆ, ಅದು ಸರಿಯಲ್ಲ. ಡಮರುವಿಗೆ ಎರಡು ತುದಿಯೂ ಒಂದೇ ಸಮ, ಎರಡಕ್ಕೂ ಮುಚ್ಚಿಗೆ. ದರ್ಬುಕದ ಕೆಳಗಿನ ಬಾಯಿ ತೆರೆದೇ ಇರುತ್ತದೆ. ದುಂ ತುಂಬಿ ಬರಬೇಕಾದರೆ ಒಳಗಿನ ಗಾಳಿಗೆ ಆ ದಾರಿ ಬೇಕು. ‘ಕಾಲುಬಟ್ಟಲು’ ಅಂತ ಒಂದು ಪದ ಕಟ್ಟಿದೆ. ಕಾಲು ಇರುವ ಬಟ್ಟಲು ಅನ್ನುವ ಅರ್ಥದಲ್ಲಿ. ತಂಗಿಗೆ ತೋರಿಸಿದರೆ ಅವಳು ‘ಕಾಲು ಬಟ್ಟಲು, ಅರ್ಧ ಬಟ್ಟಲು’ ಅಂತ ಅಳತೆಯಾಗಿ ಓದಿದಳು. ಅಲ್ಲಿಗೆ ಆ ಪದ ಬಿಟ್ಟೆ. ಲಾಳಿಕೆ ಅನ್ನೋಣ ಅಂದರೆ ಅದಕ್ಕೆ ಅರಳಿದ ಪಾದ ಇಲ್ಲ. ನಿಮಗೆ ಏನಾದರೂ ತೋಚುತ್ತದೆಯೇ?

‘ಮುಚ್ಚಿಗೆ’ ಅನ್ನುವ ಪದವನ್ನು ಮಾತ್ರ ಮನಸಾರೆ ಎತ್ತಿ ಹಿಡಿಯುತ್ತೇನೆ. ಮದ್ದಳೆಯವರ ಪದ ಅದು. ಹಿಂದೆ ದರ್ಬುಕ ಅಂದರೆ ಮಣ್ಣಿನ ಒಡಲು, ಅದಕ್ಕೆ ಮೀನಿನ ಇಲ್ಲವೇ ಆಡಿನ ಚರ್ಮ. ಈಗ ಜಾಸ್ತಿ ಕಾಣುವುದು ಎರಕ ಹೊಯ್ದ ಅಲ್ಯೂಮಿನಿಯಂ ಒಡಲು, ಪ್ಲಾಸ್ಟಿಕ್ ಹಾಳೆ. ಆ ಹಾಳೆಗೆ ‘ಚರ್ಮ’, ‘ತೊಗಲು’ ಅನ್ನಲು ನಾಲಿಗೆ ಹೊರಳುವುದಿಲ್ಲ. ಮುಚ್ಚಿಗೆ ಹುಟ್ಟಿದ್ದು ‘ಮುಚ್ಚು’ವಿನಿಂದ. ಮುಚ್ಚಿದ್ದು ಮೀನೋ, ಆಡೋ, ಪ್ಲಾಸ್ಟಿಕ್ಕೋ, ಪದಕ್ಕೆ ಅದರ ಹಂಗಿಲ್ಲ. ಇಂಥ ಪದ ನಮ್ಮಲ್ಲೇ ಇದ್ದದ್ದು ನೋಡಿ ತುಂಬ ಸಂತೋಷವಾಯಿತು.

ಎರಡನೆಯ ದೊಡ್ಡ ಪ್ರಶ್ನೆ ‘ತಾಳ’ದ್ದು. ಅರಬ್ಬಿಯಲ್ಲಿ ‘ಈಕಾ’, ಟರ್ಕಿಯಲ್ಲಿ ‘ಉಸೂಲ್’ ಅನ್ನುವುದನ್ನು ಎಲ್ಲರೂ ತಾಳ ಅಂತ ಬರೆಯುತ್ತಾರೆ, ನಾನೂ ಬರೆಯುತ್ತಿದ್ದೆ. ಆದರೆ ಈ ಮೂರನ್ನು ಬಾಯಲ್ಲಿ ಹೇಳಿ ನೋಡಿ. ಗೆರೆ ಇರುವ ಕಡೆ ಸುಮ್ಮನಿರಬೇಕು.

ಮಕ್ಸೂಮ್: ದುಂ ತೆಕ್ – ತೆಕ್ ದುಂ – ತೆಕ್ –

ಬಲದಿ: ದುಂ ದುಂ – ತೆಕ್ ದುಂ – ತೆಕ್ –

ಸಯೀದಿ: ದುಂ ತೆಕ್ – ದುಂ ದುಂ – ತೆಕ್ –

ಮೂರಕ್ಕೂ ನಾಲ್ಕೇ ಎಣಿಕೆ, ಎಂಟು ತುಂಡು. ಹೊಡೆತ ಬೀಳುವ ಜಾಗಗಳೂ ಒಂದೇ: 1, 2, 4, 5, 7. ಬದಲಾಗುವುದು ಎಲ್ಲಿ ದುಂ, ಎಲ್ಲಿ ತೆಕ್ ಅನ್ನುವುದಷ್ಟೇ. ನಮ್ಮ ತಾಳದ ಲೆಕ್ಕದಲ್ಲಿ, ಚಪ್ಪಾಳೆ, ಬೆರಳೆಣಿಕೆಯಲ್ಲಿ ಹೋದರೆ ಈ ಮೂರೂ ಒಂದೇ ತಾಳ. ಅಲ್ಲಿನವರಿಗೆ ಮೂರು ಬೇರೆ ಬೇರೆ. ಮಕ್ಸೂಮ್ ನಡುವೆ ನಾಲ್ಕನೆಯ ಜಾಗದಲ್ಲಿ ತಪ್ಪಿ ದುಂ ಹೊಡೆದರೆ ಸಯೀದಿ ಆಗಿಬಿಡುತ್ತದೆ, ಜೊತೆಗಿದ್ದವರು ತಟ್ಟನೆ ತಲೆ ಎತ್ತಿ ನೋಡುತ್ತಾರೆ. ಎಣಿಕೆ ಒಂದಿಷ್ಟೂ ತಪ್ಪಿರುವುದಿಲ್ಲ! ಹಾಗಾಗಿ ‘ತಾಳ ತಪ್ಪಿತು’ ಅಂತ ಬರೆಯಲು ಆಗುವುದಿಲ್ಲ. ಸೊಲ್ಲುಗಳಿಂದಲೇ ಗುರುತು ಸಿಗುವಂಥದ್ದಕ್ಕೆ ನಮ್ಮಲ್ಲಿರುವ ಹತ್ತಿರದ ಪದ ‘ಠೇಕಾ’ ಅಂತ ನನಗನ್ನಿಸುತ್ತದೆ. ಅದು ತಬಲದ ಪದವೇ, ಮೇಲೆ ‘ಬೋಲ್’ ಬೇಡ ಅಂದವನು ಇಲ್ಲಿ ಇದನ್ನು ಹೇಗೆ ಒಪ್ಪಿದೆ ಅಂತ ನೀವು ಕೇಳಬಹುದು. ಬೋಲ್ ನನ್ನ ಕೈಯನ್ನು ತಪ್ಪು ದಾರಿಗೆ ಎಳೆಯಿತು, ಠೇಕಾ ಎಳೆಯುವುದಿಲ್ಲ. ‘ನಡೆ’ ಅನ್ನೋಣ ಅಂತ ಒಬ್ಬರು ಸೂಚಿಸಿದರು. ನಡೆಗೆ ಸಂಗೀತದಲ್ಲಿ ಆಗಲೇ ಬೇರೆ ಕೆಲಸ ಇದೆ: ತಿಸ್ರ ನಡೆ, ಖಂಡ ನಡೆ.

ಠೇಕಾಗಳ ಹೆಸರನ್ನು ಅನುವಾದ ಮಾಡಬಾರದು ಅನ್ನುವುದು ನನ್ನ ನಿಲುವು. ಬಲದಿ ಅಂದರೆ ‘ನಾಡಿನದು’. ನಮ್ಮ ‘ದೇಸಿ’ಗೆ ಎಷ್ಟು ಹತ್ತಿರ ಅಂದರೆ, ಹಾಗೆ ಬರೆದುಬಿಡಲು ಕೈ ತುಡಿಯುತ್ತದೆ. ಆದರೂ ಅರ್ಥ ಒಮ್ಮೆ ತಿಳಿಸಿ, ಹೆಸರನ್ನು ಹಾಗೇ ಇಡುವುದು ಮೇಲು. ಸಯೀದಿ ಅಂದರೆ ಸಯೀದ್ ಸೀಮೆಯದು. ಅದನ್ನು ‘ಮೇಲಿನ ಈಜಿಪ್ಟ್’ ಅಂತ ಬರೆದರೆ ಓದುವವರು ನಕ್ಷೆಯಲ್ಲಿ ಉತ್ತರಕ್ಕೆ ನೋಡುತ್ತಾರೆ. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ, ಹಾಗಾಗಿ ಆ ‘ಮೇಲು’ ಇರುವುದು ದಕ್ಷಿಣದಲ್ಲಿ. ‘ದಕ್ಷಿಣ ಈಜಿಪ್ಟಿನದು’ ಅಂದರೆ ಗೊಂದಲ ಇಲ್ಲ. ಮಕ್ಸೂಮ್ ಅಂದರೆ ಭಾಗ ಮಾಡಿದ್ದು.

ಸುಮ್ಮನಿರುವ ಜಾಗಕ್ಕೆ ಅರಬ್ಬಿಯಲ್ಲಿ ‘ಎಸ್’ ಅನ್ನುತ್ತಾರೆ. ಹೇಳಿಕೊಡುವಾಗ ಅದನ್ನೂ ಬಾಯಲ್ಲಿ ಹೇಳುತ್ತಾರೆ: ದುಂ ತೆಕ್ ಎಸ್ ತೆಕ್, ದುಂ ಎಸ್ ತೆಕ್ ಎಸ್. ಮೌನಕ್ಕೂ ಒಂದು ಸೊಲ್ಲು! ಇದು ನನಗೆ ಬಹಳ ಇಷ್ಟವಾಯಿತು. ‘ವಿರಾಮ’ ಅಂತ ಬರೆದರೆ ಹೇಳಲು ಆಗುವುದಿಲ್ಲ, ಅಷ್ಟರಲ್ಲಿ ಜಾಗ ದಾಟಿಹೋಗಿರುತ್ತದೆ. ಎಸ್ ಅಂತಲೇ ಇಟ್ಟುಕೊಂಡಿದ್ದೇನೆ.

ಕೊನೆಯದು ಬೆರಳಿನ ಕೆಲಸ. ಟರ್ಕಿಯ ದರ್ಬುಕಕ್ಕೆ ಅಂಚು ಚೂಪು, ಈಜಿಪ್ಟಿನದಕ್ಕೆ ಗುಂಡಗೆ. ಟರ್ಕಿಯವರು ಆ ಚೂಪು ಅಂಚಿನ ಮೇಲೆ ಒಂದು ಬೆರಳನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು ತಟ್ಟನೆ ಬಿಡುತ್ತಾರೆ. ಇದನ್ನು ‘ಚಿಟಿಕೆ’ ಅನ್ನುತ್ತಿದ್ದೆ. ಆದರೆ ಚಿಟಿಕೆಯಲ್ಲಿ ಸದ್ದು ಬರುವುದು ಬೆರಳು ಅಂಗೈಗೆ ಬಡಿದಾಗ. ಇಲ್ಲಿ ಬೆರಳು ಹೊರಗೆ ಹಾರುತ್ತದೆ, ಸದ್ದು ಅಂಚಿನದು. ಗೋಲಿ ಆಡುವಾಗ, ಕೇರಂನಲ್ಲಿ ಬೆರಳು ಮಾಡುವ ಕೆಲಸಕ್ಕೆ ಇದು ಹತ್ತಿರ. ಅದಕ್ಕೆ ‘ಚಿಮ್ಮು’ ಅಂತ ಬದಲಾಯಿಸಿದ್ದೇನೆ: ‘ಎಡಗೈ ಚಿಮ್ಮು’, ‘ಬಲಗೈ ಚಿಮ್ಮು’. ಇನ್ನು ತೆಕ್-ಕ-ತೆಕ್-ಕ ಓಟವನ್ನು ‘ಉರುಳಿಕೆ’ ಅಂತ ಬರೆಯುತ್ತಿದ್ದೇನೆ. ಚೆಂಡೆ, ಮದ್ದಳೆ ಬಲ್ಲವರು ಈ ಪದವನ್ನು ಯಾವ ಅರ್ಥದಲ್ಲಿ ಬಳಸುತ್ತೀರಿ, ದಯವಿಟ್ಟು ತಿಳಿಸಿ. ಎರಡು ಕೈಯ ದನಿ ಒಂದೇ ಆಗಿರಬೇಕು ಅನ್ನುವ ಮಾತು ನಿಮ್ಮಲ್ಲೂ ಇದ್ದರೆ, ಆ ಎರಡು ಕೈಗೆ ನೀವು ಬೇರೆ ಬೇರೆ ಸೊಲ್ಲು ಹೇಳುತ್ತೀರೋ, ಒಂದೇ ಹೇಳುತ್ತೀರೋ?